ಹಾಯಿ ಹಡಗಿನ ಕಾಲದ ಬ್ರಿಟಿಷ್ ನೌಕಾಧಿಕಾರಿಯ ಬದುಕು: ಕಾಲಿಂಗ್‌ವುಡ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಡಗಿನ ಕಥೆ ಓದಿದವರು, ಸಮುದ್ರ ಯುದ್ಧದ ಸಿನಿಮಾ ನೋಡಿದವರು ಸಿಕ್ಕಾಗಲೆಲ್ಲ ಹೆಚ್ಚುಕಡಿಮೆ ಒಂದೇ ಥರದ ಪ್ರಶ್ನೆ ಕೇಳುತ್ತಾರೆ. ಮಿಡ್‌ಶಿಪ್‌ಮನ್ ಅಂದರೆ ಯಾರು? ಕ್ಯಾಪ್ಟನ್ ಆಗೋದು ಹೇಗೆ? ಅಷ್ಟು ಚಿಕ್ಕ ಹುಡುಗರನ್ನು ಸಮುದ್ರಕ್ಕೆ ಯಾಕೆ ಕಳಿಸುತ್ತಿದ್ದರು? ಬರೀ ನಿಯಮಗಳನ್ನು ಹೇಳಿದರೆ ತಲೆಯಲ್ಲಿ ನಿಲ್ಲುವುದಿಲ್ಲ. ಅದಕ್ಕೇ ಒಬ್ಬ ಮನುಷ್ಯನನ್ನು ಹಿಡಿದುಕೊಂಡು ಹೇಳುತ್ತೇನೆ. ಅವನ ಹೆಸರು ಕತ್ಬರ್ಟ್ ಕಾಲಿಂಗ್‌ವುಡ್.

ನೆಲ್ಸನ್ ಇರುವಾಗ ಕಾಲಿಂಗ್‌ವುಡ್ ಯಾಕೆ?

ನೆಲ್ಸನ್ ಅಂದರೆ ಆ ಕಾಲದ ಬ್ರಿಟಿಷ್ ನೌಕಾಪಡೆಯ ಅತಿ ಹೆಸರಾಂತ ಅಡ್ಮಿರಲ್, ಅಂದರೆ ಹಡಗು ಪಡೆಯ ಮುಖ್ಯಸ್ಥ. ಅವನ ಬದುಕು ಮಿಂಚಿನ ಥರ. ಬೇಗ ಮೇಲೆ ಹೋದ, ಗೆಲುವಿನ ದಿನವೇ ಸತ್ತ. ಆದರೆ ಆ ಕಾಲದ ನೌಕಾಧಿಕಾರಿಯ ನಿಜವಾದ ಬದುಕು ಅದಲ್ಲ. ನಿಜವಾದ ಬದುಕು ಎಂದರೆ ಕಾಯುವುದು. ಬಡ್ತಿಗೆ ಕಾಯುವುದು, ಗಾಳಿಗೆ ಕಾಯುವುದು, ಶತ್ರು ಬಂದರಿನಿಂದ ಹೊರಗೆ ಬರಲಿ ಎಂದು ಕಾಯುವುದು, ಮನೆಯಿಂದ ಬರುವ ಕಾಗದಕ್ಕೆ ಕಾಯುವುದು. ಈ ಕಾಯುವಿಕೆ ಕಾಲಿಂಗ್‌ವುಡ್‌ನಷ್ಟು ಯಾರಿಗೂ ಗೊತ್ತಿರಲಿಲ್ಲ. ಸುಮಾರು 50 ವರ್ಷದ ಸೇವೆಯಲ್ಲಿ 44 ವರ್ಷ ಅವನು ಕೆಲಸದ ಮೇಲೆಯೇ ಇದ್ದ, ಅದರಲ್ಲೂ ಬಹುಪಾಲು ದೇಶದಿಂದ ದೂರ. ಅವನೂ ನೆಲ್ಸನ್ನೂ ಜೀವದ ಗೆಳೆಯರು. ಒಂದೇ ಏಣಿ ಹತ್ತಿದವರು. ಹಾಗಾಗಿ ಇಬ್ಬರನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಆ ಏಣಿ ಹೇಗಿತ್ತು ಅಂತ ಚೆನ್ನಾಗಿ ಕಾಣುತ್ತದೆ.

ಎಷ್ಟನೇ ವಯಸ್ಸಿಗೆ ಸೇರುತ್ತಿದ್ದರು?

ಹನ್ನೊಂದು, ಹನ್ನೆರಡು, ಹದಿಮೂರು. ಕಾಲಿಂಗ್‌ವುಡ್ ಹುಟ್ಟಿದ್ದು 1748ರಲ್ಲಿ, ಇಂಗ್ಲೆಂಡಿನ ಉತ್ತರದ ನ್ಯೂಕ್ಯಾಸಲ್ ಊರಿನಲ್ಲಿ. ಅಪ್ಪ ವ್ಯಾಪಾರಿ, ವ್ಯಾಪಾರ ಕೈಹಿಡಿದಿರಲಿಲ್ಲ. ಮನೆ ತುಂಬ ಮಕ್ಕಳು. 1761ರಲ್ಲಿ ಕತ್ಬರ್ಟ್‌ನನ್ನೂ ಅವನ ತಮ್ಮ ವಿಲ್ಫ್ರೆಡ್‌ನನ್ನೂ ಶಾನನ್ ಎಂಬ ಯುದ್ಧ ಹಡಗಿಗೆ ಹತ್ತಿಸಿದರು. ಅದರ ಕ್ಯಾಪ್ಟನ್ ಬ್ರೈತ್‌ವೇಟ್ ಸಂಬಂಧದವನೇ.

ಹಡಗಿನಲ್ಲಿ ಹುಡುಗ ಒಂದು ಕಡೆ ಕೂತು ಅಳುತ್ತಿದ್ದನಂತೆ. ಹಡಗಿನ ಫಸ್ಟ್ ಲೆಫ್ಟಿನೆಂಟ್ ನೋಡಿ, ಹತ್ತಿರ ಬಂದು ನಾಲ್ಕು ಒಳ್ಳೆಯ ಮಾತಾಡಿದ. ಹುಡುಗನಿಗೆ ಎಷ್ಟು ಸಮಾಧಾನ ಆಯಿತೆಂದರೆ, ಅವನನ್ನು ತನ್ನ ಪೆಟ್ಟಿಗೆ ಹತ್ತಿರ ಕರೆದುಕೊಂಡು ಹೋಗಿ, ಅಮ್ಮ ಕಟ್ಟಿ ಕಳಿಸಿದ್ದ ಕೇಕಿನಲ್ಲಿ ದೊಡ್ಡದೊಂದು ತುಂಡು ಕೊಟ್ಟ. ಮುಂದೆ ಅಡ್ಮಿರಲ್ ಆದ ಮೇಲೂ ಅವನು ಈ ಕಥೆ ಹೇಳುತ್ತಿದ್ದ. ನನಗೆ ಅವನ ಬಗ್ಗೆ ಮೊದಲು ಪ್ರೀತಿ ಹುಟ್ಟಿದ್ದೇ ಈ ಕೇಕಿನ ತುಂಡಿನಿಂದ.

ಹನ್ನೆರಡರಲ್ಲೇ ಯಾಕೆ ಅಂದರೆ, ಲೆಫ್ಟಿನೆಂಟ್ (ಅಧಿಕಾರಿ ಹುದ್ದೆಯ ಮೊದಲ ಮೆಟ್ಟಿಲು) ಪರೀಕ್ಷೆಗೆ ಕೂರಬೇಕಾದರೆ ಆರು ವರ್ಷದ ಸಮುದ್ರ ಸೇವೆ ಬೇಕಿತ್ತು. ತಡವಾಗಿ ಸೇರಿದರೆ ಎಲ್ಲವೂ ತಡ. ಇನ್ನೊಂದು ಕಾರಣ: ತೂಗಾಡುವ ಹಡಗಿನ ಹಾಯಿಕಂಬ ಹತ್ತುವುದನ್ನು ದೊಡ್ಡವರಾದ ಮೇಲೆ ಕಲಿಯೋದು ಕಷ್ಟ.

ಆ ಹುಡುಗರ ಹುದ್ದೆ ಏನು? ಎಲ್ಲರೂ ಮಿಡ್‌ಶಿಪ್‌ಮನ್ನೇ?

ಅಲ್ಲ. ಶುರುವಿನಲ್ಲಿ ಅವರ ಹೆಸರು ‘ಕ್ಯಾಪ್ಟನ್‌ನ ಸೇವಕ’ ಎಂದು ಪಟ್ಟಿಗೆ ಸೇರುತ್ತಿತ್ತು. ಸೇವಕ ಅಂದರೆ ತಟ್ಟೆ ತೊಳೆಯುವವನಲ್ಲ. ಕ್ಯಾಪ್ಟನ್ ತನ್ನ ಜೊತೆ ಇಂತಿಷ್ಟು ಹುಡುಗರನ್ನು ಇಟ್ಟುಕೊಳ್ಳಬಹುದಿತ್ತು. ಅಣ್ಣನ ಮಗ, ತಂಗಿಯ ಮಗ, ಊರಿನ ಸ್ನೇಹಿತನ ಮಗ, ಹೀಗೆ. 1794ರಲ್ಲಿ ಈ ಹೆಸರು ಬದಲಾಗಿ ‘ವಾಲಂಟಿಯರ್’ ಆಯಿತು. ಕೆಲವು ವರ್ಷದ ಮೇಲೆ ಮಿಡ್‌ಶಿಪ್‌ಮನ್, ಅಂದರೆ ಅಧಿಕಾರಿ ಆಗಲು ಕಲಿಯುತ್ತಿರುವವನು. ಆಮೇಲೆ ಮಾಸ್ಟರ್ಸ್ ಮೇಟ್, ಅಂದರೆ ಹಡಗು ನಡೆಸುವ ಮಾಸ್ಟರ್‌ನ ಕೈಕೆಳಗಿನವನು.

ಕಲಿಕೆ ಎಲ್ಲ ಮಾಡಿ ನೋಡಿಯೇ. ಗಂಟು ಹಾಕುವುದು, ಹಗ್ಗ ಹೆಣೆಯುವುದು, ಹಾಯಿ ಸುತ್ತುವುದು, ದೋಣಿ ನಡೆಸುವುದು. ಮಧ್ಯಾಹ್ನ ಹನ್ನೆರಡಕ್ಕೆ ಸೂರ್ಯನ ಎತ್ತರ ಅಳೆದು ಹಡಗು ಎಲ್ಲಿದೆ ಎಂದು ಲೆಕ್ಕ ಹಾಕುವುದು. ದಿನಾ ದಿನಚರಿ ಪುಸ್ತಕ ಬರೆಯಲೇಬೇಕು. ಪರೀಕ್ಷೆಯ ದಿನ ಅದನ್ನು ತೋರಿಸಬೇಕಲ್ವಾ.

ಲೆಫ್ಟಿನೆಂಟ್ ಪರೀಕ್ಷೆ ಹೇಗಿತ್ತು?

ಬಾಯಿ ಪರೀಕ್ಷೆ. ಮೇಜಿನ ಆ ಕಡೆ ಮೂವರು ಕ್ಯಾಪ್ಟನ್‌ಗಳು, ಈ ಕಡೆ ಬೆವರುತ್ತ ನಿಂತ ಹುಡುಗ. ‘ನಿನ್ನ ಹಡಗು ದಡಕ್ಕೆ ಹತ್ತಿರ ಇದೆ, ಗಾಳಿ ದಡದ ಕಡೆಗೇ ಬೀಸುತ್ತಿದೆ, ಹಾಯಿಕಂಬ ಮುರಿಯಿತು, ಈಗೇನು ಮಾಡುತ್ತೀಯ?’ ಈ ಥರದ ಪ್ರಶ್ನೆ. ಉತ್ತರ ಹೇಳಲು ತಡವರಿಸಿದರೆ ಅಲ್ಲಿಗೆ ಮುಗಿಯಿತು, ಇನ್ನಷ್ಟು ತಿಂಗಳು ಸಮುದ್ರದಲ್ಲಿದ್ದು ಬಾ ಎಂದು ಕಳಿಸುತ್ತಿದ್ದರು.

ಈ ಪರೀಕ್ಷೆ ತಂದವನು ನೌಕಾಪಡೆಯ ಆಡಳಿತ ನೋಡುತ್ತಿದ್ದ ಸ್ಯಾಮ್ಯುಯೆಲ್ ಪೀಪ್ಸ್, 1677ರಲ್ಲಿ. ಇದರ ಬೆಲೆ ತಿಳಿಯಬೇಕಾದರೆ ಅದೇ ದೇಶದ ಭೂಸೇನೆ ನೋಡಬೇಕು. ಅಲ್ಲಿ ಅಧಿಕಾರಿ ಹುದ್ದೆಯನ್ನು ದುಡ್ಡು ಕೊಟ್ಟು ಕೊಳ್ಳಬಹುದಿತ್ತು. ನೌಕಾಪಡೆಯಲ್ಲಿ ಅದು ಸಾಧ್ಯವಿರಲಿಲ್ಲ. ಎಷ್ಟೇ ದೊಡ್ಡ ಮನೆತನದವನಾದರೂ ಹಗ್ಗ ಹಿಡಿದು ಕೈ ಬೊಬ್ಬೆ ಬರಿಸಿಕೊಂಡೇ ಆ ಮೇಜಿನ ಮುಂದೆ ನಿಲ್ಲಬೇಕು. ದಡ್ಡ ಕರ್ನಲ್ ಸೋತರೆ ಸೈನಿಕರು ಓಡಿಯಾದರೂ ಹೋಗಬಹುದು. ದಡ್ಡ ಕ್ಯಾಪ್ಟನ್‌ನ ಹಡಗು ಬಂಡೆಗೆ ಬಡಿದರೆ ಓಡೋಕೆ ಜಾಗವೇ ಇಲ್ಲ.

ಹಾಗಂತ ಮೋಸ ಇರಲಿಲ್ಲ ಅಂತಲ್ಲ. ವಯಸ್ಸು 20 ಆಗಿರಬೇಕೆಂಬ ನಿಯಮ ಇತ್ತು. ನೆಲ್ಸನ್ 1777ರ ಏಪ್ರಿಲ್‌ನಲ್ಲಿ ಪಾಸಾದಾಗ ಅವನಿಗೆ ಇನ್ನೂ 18. ಕಾಗದದ ಮೇಲೆ 20 ದಾಟಿದೆ ಎಂದೇ ಇದೆ. ಪರೀಕ್ಷೆ ಮಾಡಿದವರಲ್ಲಿ ಒಬ್ಬ ಅವನ ಸೋದರಮಾವ ಮಾರಿಸ್ ಸಕ್ಲಿಂಗ್.

ಪಾಸಾದ ಮೇಲೆ ಕೆಲಸ ಗ್ಯಾರಂಟಿನಾ?

ಇಲ್ಲವೇ ಇಲ್ಲ. ಇಲ್ಲಿಂದಲೇ ವಶೀಲಿಯ ಆಟ ಶುರು. ಪರೀಕ್ಷೆ ಪಾಸಾದರೆ ಅರ್ಹತೆ ಬಂತು ಅಷ್ಟೇ. ಯಾವುದಾದರೂ ಹಡಗಿಗೆ ಲೆಫ್ಟಿನೆಂಟ್ ಎಂದು ನೇಮಕದ ಕಾಗದ ಬಂದಾಗ ಮಾತ್ರ ನೀವು ಅಧಿಕಾರಿ. ಆ ಕಾಗದ ಬರಬೇಕಾದರೆ ನಿಮ್ಮ ಹೆಸರು ಯಾರಾದರೂ ದೊಡ್ಡವರ ಬಾಯಲ್ಲಿ ಬರಬೇಕು. ಹೇಳುವವರಿಲ್ಲದೆ ಎಷ್ಟೋ ಮಂದಿ ತಲೆ ಬೆಳ್ಳಗಾದರೂ ಮಿಡ್‌ಶಿಪ್‌ಮನ್ ಆಗಿಯೇ ಉಳಿದರು.

ಲೆಕ್ಕ ನೋಡಿ. ನೆಲ್ಸನ್ 1771ರಲ್ಲಿ ಸೇರಿದ. ಮಾವ ನೌಕಾ ಮಂಡಳಿಯ ಮುಖ್ಯಸ್ಥ. ಆರು ವರ್ಷಕ್ಕೆ ಲೆಫ್ಟಿನೆಂಟ್, ಪಾಸಾದ ಮರುದಿನವೇ ನೇಮಕ. ಕಾಲಿಂಗ್‌ವುಡ್ 1761ರಲ್ಲಿ ಸೇರಿದ. ಹೇಳಿಕೊಳ್ಳುವಂಥ ದೊಡ್ಡವರು ಯಾರೂ ಇರಲಿಲ್ಲ. ಲೆಫ್ಟಿನೆಂಟ್ ಆಗಿದ್ದು 1775ರಲ್ಲಿ, ಹದಿನಾಲ್ಕು ವರ್ಷದ ಮೇಲೆ. ಅದೂ ಅಮೆರಿಕದ ಬಾಸ್ಟನ್ ಹತ್ತಿರ ಬಂಕರ್ ಹಿಲ್ ಯುದ್ಧ ನಡೆದ ದಿನ. ಅವನು ನಾವಿಕರ ತಂಡದ ಜೊತೆ ದಡದಲ್ಲಿ ಭೂಸೇನೆಗೆ ನೆರವಾಗುತ್ತಿದ್ದ. ನೆಲ್ಸನ್‌ಗಿಂತ ಹತ್ತು ವರ್ಷ ದೊಡ್ಡವನು ಕಾಲಿಂಗ್‌ವುಡ್. ಆದರೂ ಮುಂದೆ ಪ್ರತಿ ಮೆಟ್ಟಿಲಲ್ಲೂ ನೆಲ್ಸನ್ ಬಿಟ್ಟುಹೋದ ಜಾಗಕ್ಕೇ ಇವನು ಬಂದ. ಲೋಸ್ಟಾಫ್ ಹಡಗಿನಲ್ಲಿ ನೆಲ್ಸನ್ ಇದ್ದ ಹುದ್ದೆಗೆ ಇವನು, ಬ್ಯಾಜರ್‌ಗೆ ನೆಲ್ಸನ್ ಆದ ಮೇಲೆ ಇವನು, ಹಿಂಚಿನ್‌ಬ್ರೂಕ್‌ಗೂ ನೆಲ್ಸನ್ ಆದ ಮೇಲೆ ಇವನೇ. ಬೇರೆ ಯಾರಾದರೂ ಆಗಿದ್ದರೆ ಹೊಟ್ಟೆಕಿಚ್ಚಿನಿಂದ ಸುಟ್ಟುಹೋಗುತ್ತಿದ್ದರು. ಇವರಿಬ್ಬರ ಸ್ನೇಹ ಕೊನೆಯವರೆಗೂ ಕೆಡಲಿಲ್ಲ.

ನೆಲ್ಸನ್ ನಮ್ಮ ಕಡೆಗೂ ಬಂದಿದ್ದನಂತೆ, ಹೌದಾ?

ಹೌದು. ಹುಡುಗನಾಗಿದ್ದಾಗ. 1773ರ ಕೊನೆಯಲ್ಲಿ ಸೀಹಾರ್ಸ್ ಎಂಬ ಹಡಗಿನಲ್ಲಿ ಹೊರಟು 1774ರ ಮೇನಲ್ಲಿ ಮದ್ರಾಸ್ ತಲುಪಿದ. 1775ರ ಫೆಬ್ರವರಿಯಲ್ಲಿ ಸೀಹಾರ್ಸ್ ಈಸ್ಟ್ ಇಂಡಿಯಾ ಕಂಪನಿಯ ಹಣ ತುಂಬಿಕೊಂಡು ಬೊಂಬಾಯಿಗೆ ಹೊರಟಿತ್ತು. ಆಗ ಮೈಸೂರಿನ ಹೈದರ್ ಅಲಿಯ ಎರಡು ಹಡಗು ಎದುರಾದವು. ಸ್ವಲ್ಪ ಹೊತ್ತು ಎರಡೂ ಕಡೆಯಿಂದ ಗುಂಡು ಹಾರಿದವು, ಆಮೇಲೆ ಹೈದರನ ಹಡಗುಗಳು ಹಿಂದೆ ಸರಿದವು. ಸಣ್ಣ ಜಗಳ. ಆದರೆ ನೆಲ್ಸನ್ ಬದುಕಿನಲ್ಲಿ ಮೊಟ್ಟಮೊದಲ ಸಲ ಶತ್ರುವಿನ ತೋಪಿನ ಸದ್ದು ಕೇಳಿದ್ದು ಅವತ್ತೇ. ಅವನಿಗೆ ಆಗ 16 ವರ್ಷ. ಮುಂದಿನ ವರ್ಷ ಮಲೇರಿಯಾ ಬಂದು ಸಾಯುವ ಸ್ಥಿತಿಯಲ್ಲಿ ಊರಿಗೆ ವಾಪಸ್ ಹೋದ.

ಹೈದರನ ನೌಕಾಪಡೆಯ ಕಥೆ ಅಲ್ಲಿಗೆ ಮುಗಿಯಲಿಲ್ಲ. 1780ರ ಡಿಸೆಂಬರ್‌ನಲ್ಲಿ ಅಡ್ಮಿರಲ್ ಎಡ್ವರ್ಡ್ ಹ್ಯೂಸ್ ಮಂಗಳೂರಿಗೇ ಬಂದು ಅಲ್ಲಿ ನಿಂತಿದ್ದ ಹೈದರನ ಹಡಗುಗಳನ್ನು ನಾಶ ಮಾಡಿದ. ಎರಡು ವರ್ಷದ ಮೇಲೆ ಫ್ರೆಂಚ್ ಅಡ್ಮಿರಲ್ ಸಫ್ರೆನ್ ಇದೇ ಹ್ಯೂಸ್ ವಿರುದ್ಧ ಹೋರಾಡುತ್ತಿದ್ದಾಗ ಹೈದರ್ ಕಡಲೂರಿನಲ್ಲಿ ಅವನನ್ನು ಭೇಟಿ ಮಾಡಿದ. ಶ್ರೀರಂಗಪಟ್ಟಣದ ಇತಿಹಾಸ ಓದುವಾಗ ಈ ಸಮುದ್ರದ ಕಡೆಯನ್ನೂ ಓದಿಕೊಂಡರೆ ಒಳ್ಳೆಯದು.

ಲೆಫ್ಟಿನೆಂಟ್, ಕಮಾಂಡರ್, ಕ್ಯಾಪ್ಟನ್: ಇವುಗಳಲ್ಲಿ ವ್ಯತ್ಯಾಸ ಏನು?

ದೊಡ್ಡ ಹಡಗಿನಲ್ಲಿ ಐದಾರು ಲೆಫ್ಟಿನೆಂಟ್‌ಗಳು ಇರುತ್ತಿದ್ದರು, ಸೇವಾ ಹಿರಿತನದ ಪ್ರಕಾರ ಫಸ್ಟ್, ಸೆಕೆಂಡ್ ಎಂದು. ಫಸ್ಟ್ ಲೆಫ್ಟಿನೆಂಟ್ ಅಂದರೆ ಹಡಗಿನ ಯಜಮಾನಿಕೆ ಪೂರ್ತಿ ಅವನ ತಲೆ ಮೇಲೆ. ಚಿಕ್ಕ ಯುದ್ಧ ಹಡಗು ನಡೆಸುವವನು ಕಮಾಂಡರ್. ಅದಕ್ಕಿಂತ ದೊಡ್ಡ ಹಡಗಿಗೆ ನೇಮಕ ಆದವನು ‘ಪೋಸ್ಟ್ ಕ್ಯಾಪ್ಟನ್’.

ಇಡೀ ವೃತ್ತಿಯಲ್ಲಿ ಮುಖ್ಯವಾದ ದಿನ ಈ ಪೋಸ್ಟ್ ಕ್ಯಾಪ್ಟನ್ ಆಗುವ ದಿನ. ಯಾಕೆ ಅಂದರೆ ಅವತ್ತು ನಿಮ್ಮ ಹೆಸರು ಒಂದು ಪಟ್ಟಿಗೆ ಸೇರುತ್ತದೆ. ಆ ಪಟ್ಟಿಯಲ್ಲಿ ಯಾರೂ ಯಾರನ್ನೂ ದಾಟುವ ಹಾಗಿಲ್ಲ. ರಾಜನ ವಶೀಲಿ ಇದ್ದರೂ ಆಗಲ್ಲ. ಮೇಲಿನವರು ಅಡ್ಮಿರಲ್ ಆದಂತೆ, ಇಲ್ಲವೇ ಸತ್ತಂತೆ, ನಿಮ್ಮ ಹೆಸರು ಮೇಲೆ ಹೋಗುತ್ತದೆ. ನೀವು ಮಾಡಬೇಕಾದ್ದು ಒಂದೇ, ಬದುಕಿರುವುದು. ‘ರಕ್ತದ ಯುದ್ಧ ಬರಲಿ, ರೋಗದ ಕಾಲ ಬರಲಿ’ ಎಂದು ಗುರುವಾರದ ಊಟಕ್ಕೆ ಗ್ಲಾಸು ಎತ್ತುವ ಪದ್ಧತಿ ಅಧಿಕಾರಿಗಳಲ್ಲಿತ್ತು. ಕೇಳಿದರೆ ಮೈ ಜುಮ್ ಅನ್ನುತ್ತದೆ. ಆದರೆ ಮೇಲಿನವರು ಹೋಗದೆ ಕೆಳಗಿನವರಿಗೆ ದಾರಿ ಇರಲಿಲ್ಲ, ಅದೇ ಸತ್ಯ.

ನೆಲ್ಸನ್ ಪೋಸ್ಟ್ ಕ್ಯಾಪ್ಟನ್ ಆಗಿದ್ದು 1779ರ ಜೂನ್‌ನಲ್ಲಿ, 20ನೇ ವಯಸ್ಸಿಗೆ. ಕಾಲಿಂಗ್‌ವುಡ್ 1780ರ ಮಾರ್ಚ್‌ನಲ್ಲಿ, 31ನೇ ವಯಸ್ಸಿಗೆ. ಒಂಬತ್ತು ತಿಂಗಳ ಅಂತರ. ಆದರೆ ಆ ಒಂಬತ್ತು ತಿಂಗಳು ಜೀವನಪೂರ್ತಿ ಹಾಗೇ ಉಳಿಯಿತು. ನೆಲ್ಸನ್ 1797ರಲ್ಲಿ ರಿಯರ್ ಅಡ್ಮಿರಲ್ (ಅಡ್ಮಿರಲ್‌ಗಳಲ್ಲಿ ಮೊದಲ ದರ್ಜೆ), ಇವನು 1799ರಲ್ಲಿ.

‘ಬದುಕಿರುವುದು’ ಅಷ್ಟು ಕಷ್ಟನಾ?

ಹಿಂಚಿನ್‌ಬ್ರೂಕ್ ಕಥೆ ಕೇಳಿ. 1780ರಲ್ಲಿ ಈಗಿನ ನಿಕರಾಗುವಾ ದೇಶದ ಸ್ಯಾನ್ ವಾನ್ ನದಿಯ ದಂಡಯಾತ್ರೆಗೆ ಆ ಹಡಗು ಹೋಗಿತ್ತು. ನದಿಯ ಬಾಯಿ, ಕೆಸರು, ಸೊಳ್ಳೆ, ಜ್ವರ. ನೆಲ್ಸನ್ ಕಾಯಿಲೆ ಬಿದ್ದು ವಾಪಸ್ ಹೋದ. ಕಾಲಿಂಗ್‌ವುಡ್ ಅಲ್ಲೇ ಉಳಿದ. ನಾಲ್ಕು ತಿಂಗಳಲ್ಲಿ ತನ್ನ 200 ಜನರಲ್ಲಿ 180 ಮಂದಿಯನ್ನು ಮಣ್ಣು ಮಾಡಿದೆ ಎಂದು ಅವನೇ ಬರೆದಿದ್ದಾನೆ. ಶತ್ರುವಿನ ಗುಂಡಿಗಲ್ಲ, ಜ್ವರಕ್ಕೆ. ಕ್ಯಾಪ್ಟನ್ ಆದ ಸಂತೋಷದ ವರ್ಷವೇ ಅದು.

ಮರುವರ್ಷ ಪೆಲಿಕನ್ ಎಂಬ ಹಡಗು ಕೊಟ್ಟರು. ಚಂಡಮಾರುತಕ್ಕೆ ಸಿಕ್ಕಿ ಜಮೈಕಾ ಹತ್ತಿರದ ಮೊರಾಂಟ್ ದಿಬ್ಬಗಳ ಮೇಲೆ ಒಡೆದುಹೋಯಿತು. ಮುರಿದ ಮರಗಳಿಂದ ತೆಪ್ಪ ಕಟ್ಟಿಕೊಂಡು ದಿಬ್ಬ ಸೇರಿದರು. ಹತ್ತು ದಿನ ಬರೀ ಮರಳಿನ ಮೇಲೆ, ಕೈಗೆ ಸಿಕ್ಕ ಸ್ವಲ್ಪ ನೀರು, ಸ್ವಲ್ಪ ಊಟದಲ್ಲಿ ಕಾದರು. ಆಮೇಲೆ ಇನ್ನೊಂದು ಹಡಗು ಬಂದು ಕರೆದೊಯ್ದಿತು.

ಹಡಗು ಮುಳುಗಿದರೆ ಕ್ಯಾಪ್ಟನ್‌ಗೆ ಶಿಕ್ಷೆ ಆಗುತ್ತಿತ್ತಾ?

ಹಡಗು ಕಳೆದುಕೊಂಡ ಕ್ಯಾಪ್ಟನ್ ಕೋರ್ಟ್ ಮಾರ್ಷಲ್, ಅಂದರೆ ಸೇನಾ ನ್ಯಾಯಾಲಯದ ಎದುರು ನಿಲ್ಲಲೇಬೇಕು. ತಪ್ಪಿಲ್ಲ ಎಂದು ಕಂಡರೆ ಬಿಡುಗಡೆ. ಕಾಲಿಂಗ್‌ವುಡ್‌ಗೂ ಹಾಗೇ ಆಯಿತು. ಎಲ್ಲರ ಅದೃಷ್ಟ ಅಷ್ಟು ಚೆನ್ನಾಗಿರಲಿಲ್ಲ. 1757ರಲ್ಲಿ ಅಡ್ಮಿರಲ್ ಬಿಂಗ್ ಎಂಬವನನ್ನು ಕೈಲಾದಷ್ಟು ಪ್ರಯತ್ನ ಮಾಡಲಿಲ್ಲ ಎಂಬ ಕಾರಣಕ್ಕೆ ಅವನ ನೌಕಾಪಡೆಯವರೇ ಡೆಕ್ ಮೇಲೆ ಗುಂಡಿಟ್ಟು ಕೊಂದರು.

ಕಾಲಿಂಗ್‌ವುಡ್ ಅದಕ್ಕೂ ಮೊದಲು, 1777ರಲ್ಲಿ, ಲೆಫ್ಟಿನೆಂಟ್ ಆಗಿದ್ದಾಗಲೂ ಒಮ್ಮೆ ವಿಚಾರಣೆ ಎದುರಿಸಿದ್ದ. ಹಾರ್ನೆಟ್ ಹಡಗಿನ ಕ್ಯಾಪ್ಟನ್‌ಗೂ ಇವನಿಗೂ ಆಗುತ್ತಿರಲಿಲ್ಲ. ಮಾತು ಕೇಳುವುದಿಲ್ಲ, ಕೆಲಸ ಮಾಡುವುದಿಲ್ಲ ಎಂದು ಆರೋಪ ಹೊರಿಸಿದ. ನ್ಯಾಯಾಲಯ ಎಲ್ಲ ಆರೋಪದಿಂದಲೂ ಬಿಟ್ಟಿತು. ಆದರೆ ಹೇಳಿದ ಕೆಲಸವನ್ನು ಇನ್ನು ಮೇಲೆ ನಗುಮುಖದಿಂದ ಮಾಡಬೇಕು ಎಂದು ಬುದ್ಧಿ ಹೇಳಿ ಕಳಿಸಿತು.

ಯುದ್ಧ ಇಲ್ಲದಿದ್ದಾಗ ಏನು ಮಾಡುತ್ತಿದ್ದರು?

ಮನೆಯಲ್ಲಿ ಕೂರುತ್ತಿದ್ದರು, ಅರ್ಧ ಸಂಬಳಕ್ಕೆ. ಶಾಂತಿ ಬಂದರೆ ಹಡಗು ಕಟ್ಟಿಹಾಕುತ್ತಾರೆ. ಹಡಗಿಲ್ಲದ ಕ್ಯಾಪ್ಟನ್‌ಗೆ ಕೆಲಸವಿಲ್ಲ. ನೆಲ್ಸನ್ ಐದು ವರ್ಷ ನಾರ್ಫೋಕ್ ಹಳ್ಳಿಯಲ್ಲಿ ಹೀಗೆ ಕೂತು ಕೊರಗಿದ. ಕಾಲಿಂಗ್‌ವುಡ್‌ಗೆ ಮಾತ್ರ ಆ ವರ್ಷಗಳೇ ಬದುಕಿನ ಸಿಹಿ. 1791ರಲ್ಲಿ ಸಾರಾ ಬ್ಲಾಕೆಟ್ ಎಂಬಾಕೆಯನ್ನು ಮದುವೆಯಾಗಿ ಮಾರ್ಪೆತ್ ಊರಿನಲ್ಲಿ ಮನೆ ಮಾಡಿದ. ಇಬ್ಬರು ಹೆಣ್ಣುಮಕ್ಕಳು. ತೋಟ, ನದಿ ದಂಡೆ, ಮರಗಳು. 1793ರಲ್ಲಿ ಫ್ರಾನ್ಸ್ ಜೊತೆ ಯುದ್ಧ ಶುರುವಾಯಿತು. ಅಲ್ಲಿಂದ ಸಾಯುವವರೆಗೆ 17 ವರ್ಷದಲ್ಲಿ ಅವನು ಇಂಗ್ಲೆಂಡಿನಲ್ಲಿ ಕಳೆದದ್ದು ಒಟ್ಟು ಒಂದು ವರ್ಷದಷ್ಟು.

ಊರಿನಲ್ಲಿದ್ದಾಗ ಅವನಿಗೊಂದು ಅಭ್ಯಾಸ. ಜೇಬಿನ ತುಂಬ ಓಕ್ ಮರದ ಬೀಜ ತುಂಬಿಕೊಂಡು ವಾಕಿಂಗ್ ಹೋಗುವುದು, ಒಳ್ಳೆಯ ನೆಲ ಕಂಡಲ್ಲಿ ಒಂದೊಂದು ನೆಡುವುದು. ಮುಂದೆ ನೌಕಾಪಡೆಗೆ ಹಡಗು ಕಟ್ಟಲು ಮರ ಬೇಕಲ್ಲ. ನೆಲ್ಸನ್‌ನ ವಿಕ್ಟರಿ ಹಡಗೊಂದಕ್ಕೇ ಸುಮಾರು 6,000 ಮರ ಬೇಕಾಗಿದ್ದವು, ಹೆಚ್ಚಿನವು ಓಕ್.

ದುಡ್ಡು ಚೆನ್ನಾಗಿ ಮಾಡಿಕೊಳ್ಳುತ್ತಿದ್ದರಾ?

ಅದೃಷ್ಟ ಇದ್ದವರು. ಸಂಬಳ ಅಷ್ಟಕ್ಕಷ್ಟೇ. ಆಸೆಯೆಲ್ಲ ಹಿಡಿದ ಹಡಗಿನ ಹಣದ ಮೇಲೆ. ಶತ್ರುವಿನ ಹಡಗು ಹಿಡಿದರೆ ಅದನ್ನೂ ಅದರ ಸರಕನ್ನೂ ಮಾರಿ ಎಂಟು ಪಾಲು ಮಾಡುತ್ತಿದ್ದರು. 1808ರವರೆಗೆ ಅದರಲ್ಲಿ ಮೂರು ಪಾಲು ಕ್ಯಾಪ್ಟನ್‌ಗೆ (ಅವನ ಮೇಲೆ ಅಡ್ಮಿರಲ್ ಇದ್ದರೆ ಆ ಮೂರರಲ್ಲಿ ಒಂದು ಅಡ್ಮಿರಲ್‌ಗೆ). ನೂರಾರು ನಾವಿಕರಿಗೆ ಎಲ್ಲ ಸೇರಿ ಎರಡು ಪಾಲು. 1762ರಲ್ಲಿ ಎರಡು ಬ್ರಿಟಿಷ್ ಹಡಗುಗಳು ಹರ್ಮಿಯೋನ್ ಎಂಬ ಸ್ಪೇನಿನ ಖಜಾನೆ ಹಡಗನ್ನು ಹಿಡಿದಾಗ ಇಬ್ಬರು ಕ್ಯಾಪ್ಟನ್‌ಗಳಿಗೂ ತಲಾ ಸುಮಾರು 65,000 ಪೌಂಡ್ ಸಿಕ್ಕಿತು. ಸಾಮಾನ್ಯ ನಾವಿಕನಿಗೆ 485 ಪೌಂಡ್, ಅದೂ ಅವನ ಕಾಲಕ್ಕೆ ಕಂಡು ಕೇಳರಿಯದ ಹಣ.

ಹಣ ಬರುತ್ತಿದ್ದದ್ದು ಫ್ರಿಗೇಟ್, ಅಂದರೆ ಮಧ್ಯಮ ಗಾತ್ರದ ವೇಗದ ಯುದ್ಧ ಹಡಗು ನಡೆಸುವವರಿಗೆ. ಕಾಲಿಂಗ್‌ವುಡ್ ಹೆಚ್ಚು ಕಾಲ ಇದ್ದದ್ದು ಬಂದರಿನ ಬಾಯಿ ಕಾಯುವ ದೊಡ್ಡ ಹಡಗುಗಳಲ್ಲಿ. ಅಲ್ಲಿ ಹಿಡಿಯೋಕೆ ಏನೂ ಸಿಗುತ್ತಿರಲಿಲ್ಲ.

ಬಡವರ ಮಗ ಅಧಿಕಾರಿ ಆಗಬಹುದಿತ್ತಾ?

ಆಗಬಹುದಿತ್ತು, ಅಪರೂಪ. ಜೇಮ್ಸ್ ಕುಕ್ ಹೊಲದ ಕೂಲಿಯವನ ಮಗ. 1755ರಲ್ಲಿ ಸಾಮಾನ್ಯ ನಾವಿಕನಾಗಿ ನೌಕಾಪಡೆ ಸೇರಿ, 1768ರಲ್ಲಿ ಲೆಫ್ಟಿನೆಂಟ್ ಆಗಿ, ಪೆಸಿಫಿಕ್ ಸಾಗರದ ನಕ್ಷೆ ಬರೆದ.

ಹಡಗಿನಲ್ಲಿ ಒಂದು ದಿನ ಹೇಗಿರುತ್ತಿತ್ತು?

ಅರ್ಧ ಗಂಟೆಗೊಮ್ಮೆ ಮರಳು ಗಡಿಯಾರ ತಿರುಗಿಸಿ ಗಂಟೆ ಬಾರಿಸುತ್ತಿದ್ದರು. ನಾಲ್ಕು ಗಂಟೆಗೊಂದು ಪಾಳಿ. ಪ್ರತಿ ಪಾಳಿಗೂ ಒಬ್ಬ ಲೆಫ್ಟಿನೆಂಟ್ ಡೆಕ್ ಮೇಲೆ ನಿಂತಿರಬೇಕು, ಮಳೆಯಿರಲಿ ಹಿಮವಿರಲಿ. ಬೆಳಗ್ಗೆ ಡೆಕ್ ತಿಕ್ಕುವುದು, ಹಗಲು ಹಾಯಿಯ ಕೆಲಸ, ಆಮೇಲೆ ತೋಪಿನ ಅಭ್ಯಾಸ.

ಈ ತೋಪಿನ ಅಭ್ಯಾಸವನ್ನು ಹತ್ತಿರದಿಂದ ನೋಡಬೇಕು. ಕೆಳಗಿನ ಡೆಕ್‌ನ 32 ಪೌಂಡ್ ಗುಂಡಿನ ತೋಪು ಒಂದೊಂದೂ ಮೂರು ಟನ್ ಹತ್ತಿರ. ಸೂರು ತಲೆಗೆ ತಾಗುವಷ್ಟು ತಗ್ಗು. ಹಾರಿಸಿದ ಕೂಡಲೇ ತೋಪು ಹಿಂದಕ್ಕೆ ಚಿಮ್ಮುತ್ತದೆ, ಕಾಲು ಅಡ್ಡ ಇದ್ದರೆ ಕಾಲು ಹೋಯಿತು. ಒಬ್ಬ ಒದ್ದೆ ಕುಂಚವನ್ನು ಕೊಳವೆಯೊಳಗೆ ತೂರಿಸಿ ಉಳಿದ ಕಿಡಿ ಆರಿಸಬೇಕು. ಕಿಡಿ ಉಳಿದಿದ್ದರೆ ಮುಂದಿನ ಮದ್ದಿನ ಚೀಲ ಕೈಯಲ್ಲೇ ಹತ್ತಿಕೊಳ್ಳುತ್ತದೆ. ಆಮೇಲೆ ಮದ್ದಿನ ಚೀಲ, ಗುಂಡು, ಹಳೆ ಹಗ್ಗದ ಉಂಡೆ, ಎಲ್ಲವನ್ನೂ ಗಜದಿಂದ ಗಟ್ಟಿಯಾಗಿ ತುರುಕಬೇಕು. ಎಲ್ಲರೂ ಸೇರಿ ಹಗ್ಗ ಜಗ್ಗಿ ತೋಪನ್ನು ಮತ್ತೆ ಕಿಟಕಿಯಿಂದ ಹೊರಗೆ ತಳ್ಳಬೇಕು. ಹಿಂಬದಿಯ ತೂತಿನಿಂದ ಮದ್ದಿನ ಚೀಲ ಚುಚ್ಚಿ, ಕಿಡಿಮದ್ದು ಹಾಕಿ, ಗುರಿ ನೋಡಿ, ದಾರ ಎಳೆಯಬೇಕು. ಇಷ್ಟೆಲ್ಲ ಹೊಗೆಯಲ್ಲಿ, ಕಿವಿ ಕೇಳದೆ.

ಐದು ನಿಮಿಷದಲ್ಲಿ ಗುರಿ ತಪ್ಪದ ಮೂರು ಸುತ್ತು ಹಾರಿಸಿದರೆ ಯಾವ ಹಡಗೂ ನಿಮ್ಮ ಮುಂದೆ ನಿಲ್ಲಲ್ಲ ಎಂದು ಕಾಲಿಂಗ್‌ವುಡ್ ತನ್ನವರಿಗೆ ಹೇಳುತ್ತಿದ್ದ. ದಿನಾ ಅಭ್ಯಾಸ ಮಾಡಿಸಿ ಮಾಡಿಸಿ, ಕೊನೆಗೆ ಅವರು ಮೂರೂವರೆ ನಿಮಿಷಕ್ಕೆ ಬಂದು ನಿಂತರು. 1797ರಲ್ಲಿ ಸೇಂಟ್ ವಿನ್ಸೆಂಟ್ ಭೂಶಿರದ ಯುದ್ಧದಲ್ಲಿ ಅವನ ಎಕ್ಸಲೆಂಟ್ ಹಡಗು ಇದನ್ನು ತೋರಿಸಿಕೊಟ್ಟಿತು. ಅವತ್ತು ಶತ್ರು ಹಡಗುಗಳ ನಡುವೆ ಸಿಕ್ಕಿಬಿದ್ದಿದ್ದ ನೆಲ್ಸನ್ ಸಹಾಯಕ್ಕೆ ನುಗ್ಗಿದ್ದೂ ಅದೇ ಹಡಗು.

ಚಾವಟಿ ಏಟು ಕೊಡುತ್ತಿದ್ದದ್ದು ನಿಜನಾ?

ನಿಜ. ಒಂಬತ್ತು ಎಳೆಯ ಚಾವಟಿ. ಕೆಲವು ಕ್ಯಾಪ್ಟನ್‌ಗಳಿಗೆ ಅದು ದಿನದ ಊಟದ ಥರ. ಕಾಲಿಂಗ್‌ವುಡ್‌ಗೆ ಅದನ್ನು ಕಂಡರಾಗುತ್ತಿರಲಿಲ್ಲ. ಚಾವಟಿ ಎತ್ತುವುದು ಅವನ ಹಡಗಿನಲ್ಲಿ ತೀರಾ ಅಪರೂಪ. ಅದರ ಬದಲು ತಪ್ಪು ಮಾಡಿದವನ ರಮ್‌ಗೆ ನೀರು ಜಾಸ್ತಿ ಮಾಡುವುದು, ಉಳಿದವರ ಪಂಕ್ತಿಯಿಂದ ಬೇರೆ ಕೂರಿಸುವುದು. ಮೈಗಿಂತ ಮಾನಕ್ಕೆ ತಾಗುವ ಶಿಕ್ಷೆ ಜಾಸ್ತಿ ಕೆಲಸ ಮಾಡುತ್ತದೆ ಅಂತ ಅವನಿಗೆ ಗೊತ್ತಿತ್ತು.

ಅವನ ಹಡಗಿನಲ್ಲಿ ಅಧಿಕಾರಿಗಳು ನಾವಿಕರನ್ನು ‘ಏಯ್, ಬಾರೋ ಇಲ್ಲಿ’ ಎಂಬ ಧಾಟಿಯಲ್ಲಿ ಕರೆಯುವಂತಿರಲಿಲ್ಲ. ಹೆಸರು ಹಿಡಿದು ಕರೆಯಬೇಕು. ಹೆಸರು ಗೊತ್ತಿಲ್ಲದಿದ್ದರೆ ‘ನಾವಿಕನೇ’ ಅನ್ನಬೇಕು. 1797ರಲ್ಲಿ ಬ್ರಿಟಿಷ್ ನೌಕಾಪಡೆಯಲ್ಲಿ ದೊಡ್ಡ ದಂಗೆಗಳಾದವು. ಆಗ ಅಡ್ಮಿರಲ್ ಜರ್ವಿಸ್ ಹಠಮಾರಿ ನಾವಿಕರನ್ನು ‘ಕಾಲಿಂಗ್‌ವುಡ್ ಹತ್ತಿರ ಕಳಿಸಿ, ಅವನು ಸರಿ ಮಾಡುತ್ತಾನೆ’ ಎನ್ನುತ್ತಿದ್ದ. ಹೊಡೆದು ಸರಿ ಮಾಡುತ್ತಿದ್ದ ಕ್ಯಾಪ್ಟನ್‌ಗಳು ಬೇಕಾದಷ್ಟು ಮಂದಿ ಇದ್ದರು. ಕಳಿಸುತ್ತಿದ್ದದ್ದು ಹೊಡೆಯದವನ ಹತ್ತಿರ.

ಮೆಡಲ್ ಬೇಡ ಅಂದಿದ್ದನಂತೆ, ಯಾಕೆ?

1794ರ ಜೂನ್ 1ರ ದೊಡ್ಡ ಯುದ್ಧದಲ್ಲಿ ಅವನು ಬಾರ್‌ಫ್ಲರ್ ಹಡಗು ನಡೆಸಿದ. ಅವನ ಅಡ್ಮಿರಲ್ ಗಾಯಗೊಂಡು ಬಿದ್ದ ಮೇಲೂ ಹೋರಾಡಿದ. ಆದರೆ ಮುಖ್ಯ ಅಡ್ಮಿರಲ್ ಹೌ ಬರೆದ ವರದಿಯಲ್ಲಿ ಅವನ ಹೆಸರು ಬಿಟ್ಟುಹೋಯಿತು. ಚಿನ್ನದ ಪದಕ ಸಿಗಲಿಲ್ಲ. ಮೂರು ವರ್ಷದ ಮೇಲೆ ಸೇಂಟ್ ವಿನ್ಸೆಂಟ್ ಯುದ್ಧಕ್ಕೆ ಪದಕ ಕೊಡಲು ಬಂದಾಗ, ಮೊದಲಿನದು ಕೊಡದೆ ಇದು ನನಗೆ ಬೇಡ ಎಂದ. ಕೊನೆಗೆ ಎರಡೂ ಬಂದವು. ವಶೀಲಿಯಿಂದ ಎಲ್ಲವೂ ನಡೆಯುವ ಜಾಗದಲ್ಲಿ, ಬರೀ ನ್ಯಾಯ ನಂಬಿಕೊಂಡು ಹಾಗೆ ನಿಲ್ಲುವುದು ಸಣ್ಣ ಧೈರ್ಯ ಅಲ್ಲ.

ನೆಲ್ಸನ್ ಗೆದ್ದು ಸತ್ತ ಟ್ರಫಾಲ್ಗರ್ ಸಮುದ್ರ ಯುದ್ಧದಲ್ಲಿ ಅವನ ಪಾತ್ರ ಏನು?

1805ರ ಅಕ್ಟೋಬರ್ 21. ಬ್ರಿಟಿಷರ 27 ದೊಡ್ಡ ಹಡಗು, ಫ್ರಾನ್ಸ್ ಮತ್ತು ಸ್ಪೇನ್‌ನ 33. ಎರಡು ಸಾಲಾಗಿ ನುಗ್ಗಿ ಶತ್ರುವಿನ ಸಾಲನ್ನು ಕತ್ತರಿಸಬೇಕು. ಒಂದು ಸಾಲಿಗೆ ನೆಲ್ಸನ್, ಇನ್ನೊಂದಕ್ಕೆ ಕಾಲಿಂಗ್‌ವುಡ್.

ಬೆಳಗ್ಗೆ ಕಾಲಿಂಗ್‌ವುಡ್ ನಿಧಾನವಾಗಿ ಗಡ್ಡ ಹೆರೆದುಕೊಂಡು ಸಿದ್ಧನಾದ. ತನ್ನ ಲೆಫ್ಟಿನೆಂಟ್ ಕ್ಲಾವೆಲ್ ಬೂಟು ಹಾಕಿಕೊಂಡದ್ದು ನೋಡಿ, ನನ್ನ ಹಾಗೆ ರೇಷ್ಮೆ ಕಾಲುಚೀಲ ಹಾಕಿಕೋ, ಕಾಲಿಗೆ ಗುಂಡು ಬಿದ್ದರೆ ಡಾಕ್ಟರಿಗೆ ಸುಲಭ ಆಗುತ್ತದೆ ಎಂದ. ಬೇಗ ಊಟ ಮುಗಿಸಿ ಎಂದು ಹೇಳುವ ಹಾಗೆ ಹೇಳಿದ ಮಾತು ಅದು. ಅದರಲ್ಲಿ 44 ವರ್ಷದ ಅನುಭವ ಇದೆ.

ಅವನ ರಾಯಲ್ ಸಾವರಿನ್ ಹಡಗಿನ ತಳಕ್ಕೆ ಹೊಸದಾಗಿ ತಾಮ್ರದ ತಗಡು ಹೊಡೆದಿದ್ದರು. ಹಾಗಾಗಿ ಅದು ಎಲ್ಲರಿಗಿಂತ ಮುಂದೆ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಒಂಟಿಯಾಗಿ ಶತ್ರು ಸಾಲಿನೊಳಗೆ ನುಗ್ಗಿ, 112 ತೋಪಿನ ಸಾಂಟಾ ಆನಾ ಹಡಗಿನ ಹಿಂಬದಿಗೆ ಒಂದೇ ಸಲ ತನ್ನ ತೋಪುಗಳನ್ನೆಲ್ಲ ಹಾರಿಸಿತು. ಹತ್ತು ಹದಿನೈದು ನಿಮಿಷ ಸುತ್ತ ಶತ್ರುಗಳೇ, ತನ್ನವರು ಯಾರೂ ಇಲ್ಲ. ನೋಡಿ, ಆ ಕಾಲಿಂಗ್‌ವುಡ್ ಹಡಗನ್ನು ಹೇಗೆ ಯುದ್ಧಕ್ಕೆ ಇಳಿಸುತ್ತಿದ್ದಾನೆ ಎಂದು ದೂರದಲ್ಲಿ ನೆಲ್ಸನ್ ಮೆಚ್ಚಿ ಹೇಳಿದನಂತೆ. ಸಂಜೆಯೊಳಗೆ ನೆಲ್ಸನ್ ಇರಲಿಲ್ಲ. ಇಡೀ ಪಡೆ ಕಾಲಿಂಗ್‌ವುಡ್ ಕೈಗೆ ಬಂತು. ಅದರ ಬೆನ್ನಿಗೇ ದೊಡ್ಡ ಬಿರುಗಾಳಿ. ಹಿಡಿದ ಹಡಗುಗಳಲ್ಲಿ ನಾಲ್ಕು ಮಾತ್ರ ಉಳಿದವು. ಆದರೆ ತಮ್ಮ ಹಡಗು ಒಂದೂ ಮುಳುಗಲಿಲ್ಲ. ಗೆಲುವಿನ ಸುದ್ದಿಯನ್ನೂ ಗೆಳೆಯನ ಸಾವಿನ ಸುದ್ದಿಯನ್ನೂ ಒಂದೇ ಕಾಗದದಲ್ಲಿ ಬರೆಯಬೇಕಾಗಿ ಬಂದದ್ದು ಅವನಿಗೇ.

ಆಮೇಲೆ ಮನೆಗೆ ಹೋದನಾ?

ಹೋಗಲಿಲ್ಲ. ಇದನ್ನು ಬರೆಯುವಾಗ ಪ್ರತಿ ಸಲವೂ ನನಗೆ ಸಂಕಟ ಆಗುತ್ತದೆ.

ಬ್ಯಾರನ್ ಪದವಿ ಕೊಟ್ಟರು, ವರ್ಷಕ್ಕೆ 2,000 ಪೌಂಡ್ ಪಿಂಚಣಿ ಕೊಟ್ಟರು, ಮೆಡಿಟರೇನಿಯನ್ ಸಮುದ್ರದ ಪೂರ್ತಿ ಜವಾಬ್ದಾರಿ ಕೊಟ್ಟರು. ರಜೆ ಕೊಡಲಿಲ್ಲ. ಸ್ಪೇನ್, ಸಿಸಿಲಿ, ತುರ್ಕಿ, ಉತ್ತರ ಆಫ್ರಿಕಾದ ದೊರೆಗಳು, ಎಲ್ಲರ ಜೊತೆ ಪತ್ರ ವ್ಯವಹಾರ ಅವನದೇ. ಒಮ್ಮೆ 22 ತಿಂಗಳು ಲಂಗರು ಹಾಕದೆ ಸಮುದ್ರದಲ್ಲೇ ಇದ್ದ. ಸಂತೋಷ ಎಂದು ಯೋಚಿಸಿದಾಗಲೆಲ್ಲ ಮನಸ್ಸು ಮಾರ್ಪೆತ್‌ಗೆ ಓಡುತ್ತದೆ ಎಂದು ಹೆಂಡತಿಗೆ ಬರೆದ. ಹೆಣ್ಣುಮಕ್ಕಳು ಏನು ಓದಬೇಕು, ರೇಖಾಗಣಿತ ಕಲಿಸಿ, ಎಂದೆಲ್ಲ ಕಾಗದದಲ್ಲೇ ಹೇಳಿಕೊಡುತ್ತಿದ್ದ. ಜೊತೆಗಿದ್ದದ್ದು ಬೌನ್ಸ್ ಎಂಬ ನಾಯಿ. 1809ರಲ್ಲಿ ಅದೂ ರಾತ್ರಿ ಸಮುದ್ರಕ್ಕೆ ಬಿದ್ದು ಹೋಯಿತು.

1808ರಲ್ಲಿ ಆರೋಗ್ಯ ಕೆಟ್ಟಿದೆ, ಬಿಡುವು ಕೊಡಿ ಎಂದು ಕೇಳಿದ. ನಿಮ್ಮ ಜಾಗ ತುಂಬುವವರಿಲ್ಲ, ದಯವಿಟ್ಟು ಉಳಿಯಿರಿ ಎಂಬ ಉತ್ತರ ಬಂತು. ಉಳಿದ. 1810ರ ಮಾರ್ಚ್ 3ರಂದು, ನಿಲ್ಲಲೂ ಆಗದ ಸ್ಥಿತಿಯಲ್ಲಿ, ಅಧಿಕಾರ ಬಿಟ್ಟುಕೊಟ್ಟ. ಅವನ ಹಡಗು ಮಿನಾರ್ಕಾ ದ್ವೀಪದ ಮಹೋನ್ ಬಂದರಿನಿಂದ ಇಂಗ್ಲೆಂಡಿನ ಕಡೆ ಹೊರಟಿತು. ಹಡಗಿನ ಕುಲುಕಾಟದಿಂದ ತೊಂದರೆ ಆಗುತ್ತಿದೆಯೇ ಎಂದು ಕ್ಯಾಪ್ಟನ್ ಥಾಮಸ್ ಕೇಳಿದ. ಇಲ್ಲ ಥಾಮಸ್, ಈ ಲೋಕದ ಯಾವುದೂ ಇನ್ನು ನನಗೆ ತೊಂದರೆ ಕೊಡಲಾರದು ಎಂದ. ಮಾರ್ಚ್ 7ರಂದು ದಾರಿಯಲ್ಲೇ ತೀರಿಕೊಂಡ. ಗಂಡುಮಕ್ಕಳಿಲ್ಲದ ಕಾರಣ ಪದವಿ ಅವನ ಜೊತೆಗೇ ಮುಗಿಯಿತು. ಅದು ಹೆಣ್ಣುಮಕ್ಕಳಿಗೆ ಹೋಗಲಿ ಎಂದು ಕೇಳಿಕೊಂಡಿದ್ದ. ಒಪ್ಪಲಿಲ್ಲ.

ಅಡ್ಮಿರಲ್‌ಗಳಲ್ಲಿ ನೀಲಿ, ಬಿಳಿ, ಕೆಂಪು ಅಂತ ಇರುತ್ತದಲ್ಲ, ಏನದು?

ಬಾವುಟದ ಬಣ್ಣ. ರಿಯರ್ ಅಡ್ಮಿರಲ್, ವೈಸ್ ಅಡ್ಮಿರಲ್, ಅಡ್ಮಿರಲ್ ಎಂದು ಮೂರು ದರ್ಜೆ. ಒಂದೊಂದರಲ್ಲೂ ಮೊದಲು ನೀಲಿ, ಆಮೇಲೆ ಬಿಳಿ, ಆಮೇಲೆ ಕೆಂಪು. ಕೆಂಪು ಬಾವುಟದ ಪೂರ್ಣ ಅಡ್ಮಿರಲ್ ಹುದ್ದೆ ಮಾಡಿದ್ದು 1805ರಲ್ಲಿ, ಟ್ರಫಾಲ್ಗರ್ ನಂತರ. ಹಿರಿತನ ಬಂದಿದೆ, ಆದರೆ ಕೆಲಸ ಕೊಡಲು ಇಷ್ಟವಿಲ್ಲ ಎನ್ನುವ ಕ್ಯಾಪ್ಟನ್‌ಗಳಿಗೆ ಬರೀ ಹೆಸರಿಗೆ ಬಡ್ತಿ ಕೊಟ್ಟು ಮನೆಗೆ ಕಳಿಸುತ್ತಿದ್ದರು. ಅವರನ್ನು ಜನ ‘ಹಳದಿ ಅಡ್ಮಿರಲ್’ ಅನ್ನುತ್ತಿದ್ದರು. ಹಳದಿ ಬಾವುಟ ಅಂತ ಯಾವುದೂ ಇರಲಿಲ್ಲ.

ಆ ಕಾಲದ ಹಡಗು ಈಗಲೂ ನೋಡಲು ಸಿಗುತ್ತದಾ?

ಸಿಗುತ್ತದೆ. ವಿಕ್ಟರಿ ಪೋರ್ಟ್ಸ್‌ಮತ್‌ನಲ್ಲಿದೆ. ನಮ್ಮವರು ಇಂಗ್ಲೆಂಡಿಗೆ ಹೋದರೆ ಹಾರ್ಟ್ಲ್‌ಪೂಲ್ ಊರಿಗೂ ಹೋಗಿ ಬನ್ನಿ ಎನ್ನುತ್ತೇನೆ. ಅಲ್ಲಿ ಟ್ರಿಂಕಾಮಲೀ ಎಂಬ ಫ್ರಿಗೇಟ್ ಇನ್ನೂ ನೀರಿನ ಮೇಲೆ ತೇಲುತ್ತಿದೆ. ಅದನ್ನು 1817ರಲ್ಲಿ ಬೊಂಬಾಯಿಯಲ್ಲಿ ವಾಡಿಯಾ ಮನೆತನದವರು ಕಟ್ಟಿದ್ದು, ಮಲಬಾರಿನ ತೇಗದ ಮರದಿಂದ. ಇಂಗ್ಲೆಂಡಿನ ಓಕ್ ಸಾಲದೆ ಬಂದಾಗ ತೇಗಕ್ಕೆ ಕೈಹಾಕಿದರು, ಅದು ಓಕ್‌ಗಿಂತ ಚೆನ್ನಾಗಿ ಬಾಳಿತು. ಅದೇ ಬೊಂಬಾಯಿಯಲ್ಲಿ 1819ರಲ್ಲಿ ಕಟ್ಟಿದ ಇನ್ನೊಂದು ಫ್ರಿಗೇಟ್‌ಗೆ ‘ಸೆರಿಂಗಪಟಮ್’ ಎಂದು ಹೆಸರಿಟ್ಟಿದ್ದರು, ನಮ್ಮ ಶ್ರೀರಂಗಪಟ್ಟಣದ ಹೆಸರು.

ಕಾಲಿಂಗ್‌ವುಡ್ ಸಮಾಧಿ ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನಲ್ಲಿ, ನೆಲ್ಸನ್ ಸಮಾಧಿಯ ಹತ್ತಿರವೇ ಇದೆ. ಅವನ ಪ್ರತಿಮೆ ಅವನ ಊರಿನ ಟೈನ್ ನದಿ ಸಮುದ್ರ ಸೇರುವ ಟೈನ್‌ಮತ್‌ನಲ್ಲಿದೆ. ಕೆಳಗೆ ರಾಯಲ್ ಸಾವರಿನ್ ಹಡಗಿನ ನಾಲ್ಕು ತೋಪುಗಳನ್ನು ಇಟ್ಟಿದ್ದಾರೆ. ಹನ್ನೆರಡನೇ ವಯಸ್ಸಿಗೆ ಪೆಟ್ಟಿಗೆಯಲ್ಲಿ ಕೇಕು ಇಟ್ಟುಕೊಂಡು ಬಿಟ್ಟುಬಂದ ಊರು ಅಲ್ಲಿಂದ ನದಿಯಲ್ಲಿ ಸ್ವಲ್ಪ ಮೇಲಕ್ಕೆ.